ಜೀನ್ಸ್ ಏಕೆ ಒತ್ತತೊಡಗುತ್ತದೆ? ವಯಸ್ಸಾದಂತೆ ನಿತ್ಯದ ಪ್ಯಾಂಟನ್ನು ಆರಿಸುವ ಬಗೆ

ನಡುವಯಸ್ಸಿನಲ್ಲಿ ಜೀನ್ಸ್ ಬಿಗಿಯಾಗತೊಡಗಿದರೆ ಹೆಚ್ಚಿನವರು ಮಾಡುವ ಮೊದಲ ಕೆಲಸ ಎರಡು ಇಂಚು ದೊಡ್ಡ ಸೊಂಟದ ಇನ್ನೊಂದು ಜೀನ್ಸ್ ಕೊಳ್ಳುವುದು. ಹೊಟ್ಟೆಗೇನೋ ಜಾಗ ಸಿಗುತ್ತದೆ. ಆದರೆ ತೊಡೆಯ ಸುತ್ತ ಬಟ್ಟೆ ಜೋಲುತ್ತದೆ, ಹಿಂಭಾಗ ಇಳಿಬೀಳುತ್ತದೆ, ನಾಲ್ಕು ಹೆಜ್ಜೆ ನಡೆದರೆ ಸೊಂಟದಿಂದ ಜಾರುತ್ತದೆ. ಜಾರದಿರಲಿ ಎಂದು ಬೆಲ್ಟ್ ಬಿಗಿದರೆ ಮತ್ತೆ ಅದೇ ಜಾಗದಲ್ಲಿ ಅದೇ ಒತ್ತಡ. ಕೊನೆಗೆ ತನ್ನ ದೇಹಕ್ಕೆ ಯಾವ ಬಟ್ಟೆಯೂ ಒಪ್ಪುವುದಿಲ್ಲ ಎಂಬ ಬೇಸರವೊಂದೇ ಉಳಿಯುತ್ತದೆ. ಆ ಬೇಸರ ಅನಗತ್ಯ. ವಯಸ್ಸಾದಂತೆ ದೇಹದ ಅಳತೆಗಿಂತ ಹೆಚ್ಚಾಗಿ ಬದಲಾಗುವುದು ಅದರ ಆಕಾರ. ದೊಡ್ಡ ಸೈಜಿನ ಜೀನ್ಸ್ ಎಂದರೆ ಹಳೆಯ ಆಕಾರವನ್ನೇ ಹಿಗ್ಗಿಸಿ ಹೊಲಿದದ್ದು, ಅಷ್ಟೇ. ಹೊಸ ಆಕಾರಕ್ಕೆ ಬೇರೆ ಕತ್ತರಿಕೆಯೇ ಬೇಕು. ಜೀನ್ಸ್ ಬಿಟ್ಟು ಆರಾಮದ ಪ್ಯಾಂಟಿಗೆ ಹೊರಳುವುದನ್ನು ವಯಸ್ಸಿಗೆ ಶರಣಾದಂತೆ ನೋಡುವವರಿದ್ದಾರೆ. ನನಗೆ ಅದು ಬರೀ ಹೊಲಿಗೆಯ ಪ್ರಶ್ನೆಯಾಗಿ ಕಾಣುತ್ತದೆ, ಮತ್ತು ಅದಕ್ಕೆ ಸ್ಪಷ್ಟವಾದ ಉತ್ತರಗಳಿವೆ.

ಮೊದಲು ಜೀನ್ಸ್ ಎಂಥ ಉಡುಪು ಎಂಬುದನ್ನು ನೋಡೋಣ. ಅಮೆರಿಕದ ನೆವಾಡಾ ರಾಜ್ಯದ ರೀನೋ ಪಟ್ಟಣದಲ್ಲಿದ್ದ ದರ್ಜಿ ಜೇಕಬ್ ಡೇವಿಸ್, ಕೂಲಿಗಾರರ ಪ್ಯಾಂಟಿನ ಜೇಬುಗಳು ಪದೇ ಪದೇ ಹರಿಯುವುದನ್ನು ತಡೆಯಲು ಜೇಬಿನ ಮೂಲೆಗಳಿಗೆ ತಾಮ್ರದ ರಿವೆಟ್ ಬಡಿದ. ತನಗೆ ಬಟ್ಟೆ ಒದಗಿಸುತ್ತಿದ್ದ ವ್ಯಾಪಾರಿ ಲೆವಿ ಸ್ಟ್ರಾಸ್ ಜೊತೆ ಸೇರಿ 1873ರ ಮೇ 20ರಂದು ಅದಕ್ಕೆ ಪೇಟೆಂಟ್ ಪಡೆದ. ಗಣಿಯಲ್ಲಿ, ಹೊಲದಲ್ಲಿ ದಿನವಿಡೀ ದುಡಿಯುವವರ ಉಡುಪು ಅದು; ಹರಿಯದಿರುವುದೇ ಅದರ ದೊಡ್ಡ ಗುಣ. ಕುತೂಹಲದ ಸಂಗತಿಯೆಂದರೆ ಆ ಕಾಲದ ಜೀನ್ಸ್ ಸಡಿಲವಾಗಿತ್ತು, ಸೊಂಟದ ಮೇಲ್ಭಾಗದಲ್ಲಿ ನಿಲ್ಲುತ್ತಿತ್ತು, ಹೆಗಲ ಮೇಲಿಂದ ಇಳಿದ ಪಟ್ಟಿಗಳು ಅದನ್ನು ಎತ್ತಿಹಿಡಿಯುತ್ತಿದ್ದವು. ಲೆವಿ ಸ್ಟ್ರಾಸ್ ಕಂಪನಿಯ 501 ಎಂಬ ಮಾದರಿಯ ಜೀನ್ಸ್‌ಗೆ ಬೆಲ್ಟಿನ ಕುಣಿಕೆಗಳು ಬಂದದ್ದು 1922ರಲ್ಲಿ. ಅಂದರೆ ಮೂಲ ಜೀನ್ಸ್ ಸೊಂಟವನ್ನು ಹಿಸುಕುತ್ತಿರಲಿಲ್ಲ. ಇಂದು ನಾವು ಜೀನ್ಸ್ ಎಂದಾಗ ಕಣ್ಣ ಮುಂದೆ ಬರುವ, ಹೊಕ್ಕುಳಿನ ಕೆಳಗೆ ನಿಂತು ತೊಡೆಗೆ ಅಂಟುವ ರೂಪ ಆಮೇಲಿನ ಫ್ಯಾಷನ್. ಗಟ್ಟಿತನ ಕೂಲಿಗಾರನ ಕಾಲದ್ದು, ಬಿಗಿತ ಯೌವನದ ಫ್ಯಾಷನ್ನಿನದು. ಇವೆರಡೂ ಒಂದೇ ಪ್ಯಾಂಟಿನಲ್ಲಿ ಸೇರಿಕೊಂಡಿರುವುದೇ ನಡುವಯಸ್ಸಿನವರ ಕಷ್ಟಕ್ಕೆ ಕಾರಣ.

ದೇಹದಲ್ಲಿ ನಿಜವಾಗಿ ಆಗುವುದೇನು

ಮೂವತ್ತರ ನಂತರ ಪ್ರತಿ ದಶಕಕ್ಕೆ ಸ್ನಾಯುಗಳ ರಾಶಿ ಸುಮಾರು 3ರಿಂದ 8 ಶೇಕಡಾ ಕಡಿಮೆಯಾಗುತ್ತದೆ ಎಂಬುದು ವೈದ್ಯಕೀಯದಲ್ಲಿ ಸಾಮಾನ್ಯವಾಗಿ ಒಪ್ಪಿರುವ ಅಂದಾಜು. ಅರವತ್ತರ ನಂತರ ಈ ವೇಗ ಇನ್ನೂ ಹೆಚ್ಚು. ತೊಡೆ ಮತ್ತು ಪೃಷ್ಠದ ಸ್ನಾಯುಗಳು ದೇಹದ ಅತಿ ದೊಡ್ಡ ಸ್ನಾಯುಗಳು, ಆದ್ದರಿಂದ ಅಲ್ಲಿನ ಇಳಿಕೆ ಬಟ್ಟೆಯಲ್ಲಿ ಬೇಗ ಕಾಣುತ್ತದೆ. ಇತ್ತ ಕೊಬ್ಬು ತನ್ನ ಜಾಗ ಬದಲಿಸುತ್ತದೆ. ಗಂಡಸರಲ್ಲಿ ಅದು ಹೊಟ್ಟೆಯೊಳಗೆ ಸೇರುವುದು ಮೊದಲಿನಿಂದಲೂ ಇದ್ದದ್ದೇ. ಹೆಂಗಸರಲ್ಲಿ ಋತುಬಂಧದ ನಂತರ ಈಸ್ಟ್ರೋಜನ್ ಇಳಿದಾಗ ತೊಡೆ, ಸೊಂಟದ ಬದಿಗಳಲ್ಲಿ ನಿಲ್ಲುತ್ತಿದ್ದ ಕೊಬ್ಬು ಹೊಟ್ಟೆಯ ಕಡೆಗೆ ವಾಲುತ್ತದೆ. ಹೀಗಾಗಿ ತೂಕ ಮಾಪಕದ ಮುಳ್ಳು ಒಂದಿಷ್ಟೂ ಅಲುಗದಿದ್ದರೂ ಮುಂಭಾಗ ತುಂಬಿ ಹಿಂಭಾಗ ಚಪ್ಪಟೆಯಾಗಬಹುದು.

ಮೂರನೆಯ ಬದಲಾವಣೆಯನ್ನು ಗಮನಿಸುವವರು ಕಡಿಮೆ. ಬೆನ್ನುಮೂಳೆಯ ನಡುವಿನ ಬಿಲ್ಲೆಗಳು ವರ್ಷಗಳು ಕಳೆದಂತೆ ತೆಳುವಾಗುತ್ತವೆ. ನಲವತ್ತರ ನಂತರ ದಶಕಕ್ಕೆ ಸರಿಸುಮಾರು ಒಂದು ಸೆಂಟಿಮೀಟರ್ ಎತ್ತರ ಇಳಿಯುವುದು ಸಾಮಾನ್ಯ. ಇಳಿಯುವುದು ಕಾಲುಗಳಲ್ಲ, ಮುಂಡ. ಪಕ್ಕೆಲುಬಿನ ಕೆಳ ಅಂಚಿಗೂ ಸೊಂಟದ ಎಲುಬಿಗೂ ನಡುವಿನ ಅಂತರ ಕುಗ್ಗಿದಾಗ ಹೊಟ್ಟೆಯ ಒಳಗಿನ ಅಂಗಗಳಿಗೆ ಮುಂದೆ ಬರುವುದೊಂದೇ ದಾರಿ. ಸಣಕಲು ದೇಹದವರಿಗೂ ಅರವತ್ತರ ನಂತರ ಚಿಕ್ಕ ಹೊಟ್ಟೆ ಕಾಣಿಸಿಕೊಳ್ಳುವುದಕ್ಕೆ ಇದೂ ಒಂದು ಕಾರಣ. ಅದನ್ನು ಆಲಸ್ಯದ ಗುರುತೆಂದು ತಿಳಿದು ನಾಚಿಕೊಳ್ಳುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ.

ಸಿದ್ಧ ಉಡುಪಿನ ಅಳತೆಗಳು ಬಹುಮಟ್ಟಿಗೆ ಯುವ ದೇಹವನ್ನು ಮಾದರಿಯಾಗಿಟ್ಟುಕೊಂಡಿರುತ್ತವೆ. ಈ ತೊಡಕು ತಾಂತ್ರಿಕ ವಲಯಕ್ಕೆ ಗೊತ್ತಿಲ್ಲದ್ದೇನಲ್ಲ: ಅಮೆರಿಕದ ಮಾನಕ ಸಂಸ್ಥೆ ಎ.ಎಸ್.ಟಿ.ಎಂ. 55 ವರ್ಷ ಮತ್ತು ಅದಕ್ಕೂ ಮೇಲ್ಪಟ್ಟ ಮಹಿಳೆಯರಿಗಾಗಿಯೇ ಪ್ರತ್ಯೇಕ ದೇಹದಳತೆಯ ಕೋಷ್ಟಕವನ್ನು 1990ರ ದಶಕದಲ್ಲೇ ಹೊರತಂದಿತು. ಆದರೂ ಅಂಗಡಿಯ ಚೀಟಿಯ ಮೇಲೆ ಇರುವುದು ಸೊಂಟದ ಒಂದು ಸಂಖ್ಯೆ, ಕಾಲಿನ ಉದ್ದದ ಇನ್ನೊಂದು ಸಂಖ್ಯೆ. ಆಕಾರವನ್ನು ಹೇಳುವ ಸಂಖ್ಯೆ ಅಲ್ಲಿಲ್ಲ. ಅದನ್ನು ಕಣ್ಣು, ಕೈ ಮತ್ತು ಕುರ್ಚಿಯಿಂದಲೇ ಪತ್ತೆ ಮಾಡಬೇಕು.

ಪ್ಯಾಂಟಿನ ಪರೀಕ್ಷೆ ಕುರ್ಚಿಯಲ್ಲಿ

ಕುರ್ಚಿ ಎಂದೆ. ಈ ಇಡೀ ವಿಷಯದಲ್ಲಿ ಒಂದೇ ಸಂಗತಿ ನೆನಪಿಡುವುದಾದರೆ ಇದನ್ನು ಇಟ್ಟುಕೊಳ್ಳಿ: ಪ್ಯಾಂಟನ್ನು ಕನ್ನಡಿಯ ಮುಂದೆ ನಿಂತು ನೋಡಿ ಕೊಳ್ಳುತ್ತೇವೆ, ಬಳಸುವುದು ಮಾತ್ರ ಕುಳಿತು. ಕುಳಿತಾಗ ದೇಹದ ರೇಖಾಗಣಿತವೇ ಬೇರೆ. ಹೊಟ್ಟೆಯ ಸುತ್ತಳತೆ ಹೆಚ್ಚುತ್ತದೆ, ತೊಡೆಗಳು ಅಗಲವಾಗುತ್ತವೆ, ಬೆನ್ನಿನ ಕೆಳಭಾಗದಿಂದ ತೊಡೆಸಂದಿಯವರೆಗಿನ ಹಿಂದಿನ ದಾರಿ ಉದ್ದವಾಗುತ್ತದೆ, ಅದೇ ಹೊತ್ತಿಗೆ ಮುಂದಿನ ದಾರಿ ಮಡಚಿ ಗಿಡ್ಡವಾಗುತ್ತದೆ. ಮಂಡಿಯನ್ನು ಪೂರ್ತಿ ಮಡಚಿದರೆ ಅದರ ಮೇಲಿನ ಚರ್ಮ ಉದ್ದುದ್ದಕ್ಕೆ ಮೂರನೇ ಒಂದು ಭಾಗದಷ್ಟು ಅಥವಾ ಅದಕ್ಕಿಂತ ಹೆಚ್ಚು ಹಿಗ್ಗುತ್ತದೆ. ಚರ್ಮ ಹಿಗ್ಗಬಲ್ಲದು. ಅದರ ಮೇಲಿನ ಬಟ್ಟೆ ಏನು ಮಾಡಬೇಕು?

ಬಟ್ಟೆಗೆ ಮೂರೇ ದಾರಿಗಳಿವೆ. ಒಂದು, ಚರ್ಮದ ಮೇಲೆ ಜಾರಿ ಬೇರೆ ಕಡೆಯಿಂದ ಬಟ್ಟೆಯನ್ನು ಎಳೆದುಕೊಳ್ಳುವುದು. ಇನ್ನೊಂದು, ತಾನೇ ಹಿಗ್ಗುವುದು. ಮತ್ತೊಂದು, ಮೊದಲಿನಿಂದಲೇ ಹೆಚ್ಚುವರಿ ಜಾಗ ಇಟ್ಟುಕೊಂಡಿರುವುದು. ಆರಾಮವೆಂದು ನಾವು ಕರೆಯುವುದು ಈ ಮೂರರ ಯಾವುದೋ ಒಂದು ಬೆರಕೆಯನ್ನು. ನುಣುಪಾದ ಉಣ್ಣೆಯ ಪ್ಯಾಂಟು ತೊಡೆಯ ಮೇಲೆ ಸಲೀಸಾಗಿ ಜಾರುತ್ತದೆ. ಅಂಥ ಪ್ಯಾಂಟುಗಳಲ್ಲಿ ಮಂಡಿಯವರೆಗೆ ಒಳಪದರ ಇಡುವುದರ ಒಂದು ಉದ್ದೇಶ ಈ ಜಾರುವಿಕೆಯೇ. ಹೆಣೆದ ಬಟ್ಟೆ ಹಿಗ್ಗುತ್ತದೆ. ಸೊಂಟದ ಮುಂದೆ ನಿರಿಗೆಯಿರುವ ಪ್ಯಾಂಟು ಜಾಗ ಇಟ್ಟುಕೊಂಡಿರುತ್ತದೆ: ನಿಂತಾಗ ನಿರಿಗೆ ಮುಚ್ಚಿ ಚಪ್ಪಟೆಯಾಗಿರುತ್ತದೆ, ಕುಳಿತಾಗ ತೆರೆದುಕೊಂಡು ತೊಡೆಗೆ ಎಡೆ ಮಾಡಿಕೊಡುತ್ತದೆ. ಎಲಾಸ್ಟೇನ್ ಎಂಬ ಹಿಗ್ಗುವ ಎಳೆ ಇಲ್ಲದ ಬಿಗಿ ಜೀನ್ಸ್ ಮೂರರಲ್ಲೂ ಸೋಲುತ್ತದೆ. ದಪ್ಪ ಹತ್ತಿಯ ಒರಟು ಮೈ ಚರ್ಮವನ್ನು, ಅದರಲ್ಲೂ ಬೆವರಿದ ಚರ್ಮವನ್ನು ಹಿಡಿದುಕೊಳ್ಳುತ್ತದೆ. ಬಿಗಿಯಾಗಿ ನೇಯ್ದ ಬಟ್ಟೆ ಹಿಗ್ಗುವುದಿಲ್ಲ. ಹೆಚ್ಚುವರಿ ಜಾಗವನ್ನು ಫ್ಯಾಷನ್ ಕತ್ತರಿಸಿ ಹಾಕಿದೆ. ಆಗ ಉಳಿಯುವುದು ಒಂದೇ: ಹಿಂಭಾಗದ ಸೊಂಟಪಟ್ಟಿ ಕೆಳಗೆಳೆದು ಬೆನ್ನು ಬಯಲಾಗುತ್ತದೆ, ಮುಂಭಾಗದ ಪಟ್ಟಿ ಹೊಟ್ಟೆಗೆ ಒತ್ತುತ್ತದೆ.

ಇದರಿಂದಲೇ 'ರೈಸ್' ಎಂಬ ಅಳತೆಯ ಮಹತ್ವ ಗೊತ್ತಾಗುತ್ತದೆ. ತೊಡೆಸಂದಿಯ ಹೊಲಿಗೆ ಕೂಡುವ ಜಾಗದಿಂದ ಸೊಂಟಪಟ್ಟಿಯ ಮೇಲಂಚಿನವರೆಗಿನ ಉದ್ದ ಅದು. ಮುಂದಿನದು ಬೇರೆ, ಹಿಂದಿನದು ಬೇರೆ. ಕುಳಿತುಕೊಳ್ಳುವ ದೇಹಕ್ಕೆ ಹಿಂದಿನ ರೈಸ್ ಮುಂದಿನದಕ್ಕಿಂತ ಸಾಕಷ್ಟು ಉದ್ದವಿರಬೇಕು. ಹೊಟ್ಟೆ ಮುಂದೆ ಬಂದವರಿಗೆ ಮುಂದಿನ ರೈಸ್ ಕೂಡ ಗಿಡ್ಡವಾದರೆ ಪ್ಯಾಂಟು ಹೊಟ್ಟೆಯ ಕೆಳಗೆ ಸರಿದು, ಪ್ರತಿ ಹೆಜ್ಜೆಗೂ ಇನ್ನಷ್ಟು ಜಾರುತ್ತದೆ. ಕೆಳಗಿನ ಸೊಂಟಪಟ್ಟಿಯ ಪ್ಯಾಂಟು ನಿಲ್ಲುವುದು ಪೃಷ್ಠದ ಉಬ್ಬಿನ ಆಧಾರದ ಮೇಲೆ. ಉಬ್ಬು ಇಳಿದರೆ ಅದಕ್ಕೆ ಆಧಾರ ಉಳಿಯುವುದಿಲ್ಲ. ಹೊಕ್ಕುಳಿನ ಹತ್ತಿರ, ಹೊಟ್ಟೆಯ ಮೇಲೆ ಅಥವಾ ಅದರ ಸುತ್ತ ನಿಲ್ಲುವ ಎತ್ತರದ ಸೊಂಟ ಆರಂಭದಲ್ಲಿ ಹಳೆಯ ಕಾಲದ್ದೆನಿಸಬಹುದು. ಆದರೂ ವಯಸ್ಸಾದವರಿಗೆ ನಾನು ಮೊದಲು ಶಿಫಾರಸು ಮಾಡುವುದು ಅದನ್ನೇ. ಹೆಗಲಪಟ್ಟಿ ಹಾಕಿಕೊಳ್ಳಲು ಮನಸ್ಸಿದ್ದರೆ ಇನ್ನೂ ಒಳ್ಳೆಯದು: ಭಾರವೆಲ್ಲ ಹೆಗಲಿಗೆ ಹೋಗುತ್ತದೆ, ಸೊಂಟಕ್ಕೆ ಬಿಗಿತವೇ ಬೇಡ.

ತೊಡೆಸಂದಿಯಲ್ಲಿ ನಾಲ್ಕು ಹೊಲಿಗೆಗಳು ಒಂದೇ ಬಿಂದುವಿನಲ್ಲಿ ಕೂಡುತ್ತವೆ. ಜೀನ್ಸ್‌ನಲ್ಲಿ ಬಟ್ಟೆಯ ಅಂಚುಗಳನ್ನು ಒಂದರೊಳಗೊಂದು ಮಡಚಿ ಎರಡು ಸಾಲು ಹೊಲಿಯುತ್ತಾರೆ. ಗಟ್ಟಿತನಕ್ಕೆ ಅದಕ್ಕಿಂತ ಉತ್ತಮ ಹೊಲಿಗೆಯಿಲ್ಲ. ಆದರೆ ಆ ಬಿಂದುವಿನಲ್ಲಿ ಹಲವು ಪದರ ದಪ್ಪ ಬಟ್ಟೆ ಸೇರಿ ಗಟ್ಟಿ ಗಂಟಾಗುತ್ತದೆ, ನೀವು ಗಂಟೆಗಟ್ಟಲೆ ಕುಳಿತಿರುವುದು ಅದರ ಮೇಲೆಯೇ. ವಯಸ್ಸಾದಂತೆ ಚರ್ಮ ತೆಳುವಾಗಿ, ಒಣಗಿ, ತಿಕ್ಕಾಟಕ್ಕೆ ಬೇಗ ಕೆಂಪಾಗುತ್ತದೆ. ಈಗ ಹಲವು ಪ್ಯಾಂಟುಗಳಲ್ಲಿ ಆ ಜಾಗದಲ್ಲಿ ವಜ್ರಾಕಾರದ ಅಥವಾ ಅರ್ಧಚಂದ್ರದ ಆಕಾರದ ಬಟ್ಟೆಯ ತುಂಡೊಂದನ್ನು ಸೇರಿಸಿರುತ್ತಾರೆ. ಅದರಿಂದ ಹೊಲಿಗೆಗಳ ಗಂಟು ಒಡೆದು ಬದಿಗೆ ಸರಿಯುತ್ತದೆ, ಕಾಲು ಅಗಲಿಸಿ ಮೆಟ್ಟಿಲು ಹತ್ತುವಾಗ ಎಳೆತವೂ ಇರುವುದಿಲ್ಲ. ಬೆಟ್ಟ ಹತ್ತುವವರ ಪ್ಯಾಂಟಿನಲ್ಲಿ ಕಾಣುವ ಈ ಜಾಣ್ಮೆಯನ್ನು ನಿತ್ಯದ ಪ್ಯಾಂಟಿನಲ್ಲೂ ಹುಡುಕಿ ಪಡೆಯಬೇಕು.

ಸೊಂಟಪಟ್ಟಿ ಮತ್ತು ನರ

ಬಿಗಿ ಸೊಂಟದ ಕಿರಿಕಿರಿಯನ್ನು ಸಹಿಸಿಕೊಂಡು ಹೋಗುವವರಿಗೆ ಒಂದು ಮಾತು. ಸೊಂಟದ ಎಲುಬಿನ ಮುಂದಿನ ಮೂಲೆಯ ಪಕ್ಕದಲ್ಲಿ, ತೊಡೆಸಂದಿಯ ಬಂಧಕವೆಂಬ ನಾರಿನ ಪಟ್ಟಿಯ ಅಡಿಯಿಂದ ಒಂದು ನರ ತೊಡೆಯ ಹೊರಬದಿಗೆ ಹಾದುಹೋಗುತ್ತದೆ. ಅದರ ಕೆಲಸ ಆ ಭಾಗದ ಚರ್ಮದ ಸ್ಪರ್ಶವನ್ನು ಒಯ್ಯುವುದಷ್ಟೇ. ಬಿಗಿಯಾದ ಬೆಲ್ಟ್, ಬಿಗಿಯಾದ ಸೊಂಟಪಟ್ಟಿ, ಮುಂಚಾಚಿದ ಹೊಟ್ಟೆಯ ಭಾರ ಇವು ಅಲ್ಲಿ ಒತ್ತಿದರೆ ತೊಡೆಯ ಹೊರಭಾಗದಲ್ಲಿ ಉರಿ, ಜೋಮು, ಮರಗಟ್ಟುವಿಕೆ ಕಾಣಿಸಿಕೊಳ್ಳುತ್ತವೆ. ವೈದ್ಯರು ಇದನ್ನು ಮೆರಾಲ್ಜಿಯಾ ಪ್ಯಾರೆಸ್ಥೆಟಿಕಾ ಎನ್ನುತ್ತಾರೆ. ಸ್ಥೂಲಕಾಯ ಮತ್ತು ಮಧುಮೇಹ ಇರುವವರಲ್ಲಿ ಇದರ ಸಾಧ್ಯತೆ ಹೆಚ್ಚು. ಎಷ್ಟೋ ಸಲ ಸಡಿಲ ಬಟ್ಟೆಗೆ ಬದಲಾಯಿಸಿದರೆ ಇದು ತಾನಾಗಿ ಶಮನವಾಗುತ್ತದೆ. ಕಾಲಿನ ಬಲ ಕುಂದಿದರೆ, ಬೆನ್ನುನೋವು ಜೊತೆಗಿದ್ದರೆ ಕಾರಣ ಬೇರೆಯಿರಬಹುದು. ಆಗ ವೈದ್ಯರಲ್ಲಿಗೆ ಹೋಗಬೇಕು.

ಊಟದ ನಂತರ ಎದೆಯುರಿ ಬರುವವರಿಗೂ ಬಿಗಿ ಸೊಂಟ ಶತ್ರು. ಹೊಟ್ಟೆಯ ಮೇಲೆ ಹೊರಗಿನಿಂದ ಒತ್ತಡ ಬಿದ್ದರೆ ಜಠರದ ಆಮ್ಲ ಅನ್ನನಾಳದ ಕಡೆಗೆ ನುಗ್ಗುವುದು ಸುಲಭವಾಗುತ್ತದೆ. ಎದೆಯುರಿಯ ರೋಗಿಗಳಿಗೆ ವೈದ್ಯರು ಹೇಳುವ ಸರಳ ಸಲಹೆಗಳಲ್ಲಿ ಸೊಂಟದ ಬಿಗಿತ ತಪ್ಪಿಸುವುದೂ ಒಂದು.

2015ರಲ್ಲಿ ನರರೋಗಗಳ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಆಸ್ಟ್ರೇಲಿಯಾದ 35 ವರ್ಷದ ಮಹಿಳೆಯೊಬ್ಬರ ಪ್ರಕರಣ ವರದಿಯಾಗಿತ್ತು. ಬಿಗಿ ಜೀನ್ಸ್ ತೊಟ್ಟು ಗಂಟೆಗಟ್ಟಲೆ ಕುಕ್ಕರಗಾಲಲ್ಲಿ ಕುಳಿತು ಕಪಾಟುಗಳನ್ನು ಖಾಲಿ ಮಾಡುತ್ತಿದ್ದ ಅವರ ಮೀನಖಂಡಗಳು ಊದಿ, ಪಾದಗಳು ಸ್ವಾಧೀನ ತಪ್ಪಿ, ಆಸ್ಪತ್ರೆಯಲ್ಲಿ ಜೀನ್ಸನ್ನು ಕತ್ತರಿಸಿಯೇ ತೆಗೆಯಬೇಕಾಯಿತು. ಕೆಲವು ದಿನಗಳಲ್ಲಿ ಅವರು ಚೇತರಿಸಿಕೊಂಡರು. ಇಂಥದ್ದು ಅತ್ಯಂತ ಅಪರೂಪ, ಹೆದರುವ ಅಗತ್ಯವಿಲ್ಲ. ಆದರೆ ಬಟ್ಟೆಯ ಒತ್ತಡ ಮತ್ತು ಮಡಚಿದ ಕಾಲು ಸೇರಿದಾಗ ಏನಾಗಬಹುದು ಎಂಬುದನ್ನು ಅದು ತೋರಿಸುತ್ತದೆ. ಮಧುಮೇಹದಿಂದ ಕಾಲಿನ ಸ್ಪರ್ಶಜ್ಞಾನ ಕುಂದಿದವರಿಗೆ ಈ ಒತ್ತಡ ಗೊತ್ತೇ ಆಗದಿರಬಹುದು. ಅವರು ಪ್ಯಾಂಟು ಕಳಚಿದ ಮೇಲೆ ಚರ್ಮದ ಮೇಲೆ ಉಳಿದ ಗೆರೆಗಳನ್ನು ಕಣ್ಣಿನಿಂದಲೇ ನೋಡಿಕೊಳ್ಳಬೇಕು. ಸಂಜೆಗೆ ಪಾದ ಊದುವವರು ಕಣಕಾಲಿನಲ್ಲಿ ಬಿಗಿ ಪಟ್ಟಿಯಿರುವ ಪ್ಯಾಂಟುಗಳಿಂದ ದೂರವಿರುವುದು ಒಳ್ಳೆಯದು.

ಹಾಗಾದರೆ ಪೂರ್ತಿ ಎಲಾಸ್ಟಿಕ್ ಸೊಂಟವೇ ಪರಿಹಾರವೇ? ಮನೆಯೊಳಗೆ ಹೌದು. ಹೊರಗೆ ತೊಡಲು ನನಗೆ ಹೆಚ್ಚು ಇಷ್ಟವಾಗುವುದು ಮುಂಭಾಗ ಚಪ್ಪಟೆಯಾಗಿದ್ದು ಎರಡೂ ಬದಿಗಳಲ್ಲಿ ಅಥವಾ ಹಿಂಭಾಗದಲ್ಲಿ ಮಾತ್ರ ಎಲಾಸ್ಟಿಕ್ ಇರುವ ಪಟ್ಟಿ. ನೋಡುವವರಿಗೆ ಅದು ಸಾಮಾನ್ಯ ಪ್ಯಾಂಟು; ಕುಳಿತಾಗ ಕೆಲವು ಸೆಂಟಿಮೀಟರ್ ಹಿಗ್ಗಿ, ಎದ್ದಾಗ ಮರಳುತ್ತದೆ. ಪಟ್ಟಿಯ ಅಗಲವೂ ಮುಖ್ಯ. ಒಂದೇ ಬಲವನ್ನು ಕಿರಿದಾದ ಪಟ್ಟಿ ಕಡಿಮೆ ಜಾಗದ ಮೇಲೆ ಹೇರುತ್ತದೆ, ಹಾಗಾಗಿ ಕೊರೆಯುತ್ತದೆ. ಅಗಲವಾದ, ಮೆತ್ತನೆಯ ಪಟ್ಟಿ ಅದೇ ಬಲವನ್ನು ಹಂಚುತ್ತದೆ. ಲಾಡಿಯಿರುವ ಪ್ಯಾಂಟಿನ ತೊಂದರೆ ಗಂಟು: ಬೆರಳು ಸೆಟೆದವರಿಗೆ ಅದನ್ನು ಬಿಚ್ಚುವುದು ಕಷ್ಟ.

ಬಟ್ಟೆಯ ವಿಚಾರ

ಜೀನ್ಸ್‌ನ ಬಟ್ಟೆಯಾದ ಡೆನಿಮ್ ಮತ್ತು ಚೀನೋಸ್ ಎಂಬ ಹಗುರ ಹತ್ತಿ ಪ್ಯಾಂಟಿನ ಬಟ್ಟೆ ಎರಡೂ ಓರೆ ಗೆರೆಯ ಟ್ವಿಲ್ ನೇಯ್ಗೆಯವೇ ಎಂದರೆ ಹಲವರಿಗೆ ಆಶ್ಚರ್ಯವಾಗಬಹುದು. ಡೆನಿಮ್‌ನಲ್ಲಿ ಹಾಸಿನ ನೂಲಿಗೆ ನೀಲಿ ಬಣ್ಣ, ಹೊಕ್ಕಿನ ನೂಲು ಬಿಳಿ. ಸಾಮಾನ್ಯವಾಗಿ ಮೂರು ಹೊಕ್ಕುಗಳ ಮೇಲೆ ಹಾಯ್ದು ಒಂದರ ಕೆಳಗೆ ನುಸುಳುವ ಹಾಸಿನಿಂದಾಗಿ ಹೊರಮೈ ನೀಲಿಯಾಗಿಯೂ ಒಳಮೈ ಬಿಳಿಚಾಗಿಯೂ ಕಾಣುತ್ತದೆ. ಆದ್ದರಿಂದ ಹಿತ ಅಹಿತಗಳ ವ್ಯತ್ಯಾಸ ನೇಯ್ಗೆಯ ಬಗೆಯಲ್ಲಿಲ್ಲ, ನೂಲಿನ ದಪ್ಪದಲ್ಲಿ ಮತ್ತು ತೂಕದಲ್ಲಿದೆ. ಸಾಂಪ್ರದಾಯಿಕ ಜೀನ್ಸ್ ಬಟ್ಟೆ ಚದರ ಗಜಕ್ಕೆ 12ರಿಂದ 14 ಔನ್ಸ್, ಅಂದರೆ ಚದರ ಮೀಟರಿಗೆ ಸುಮಾರು 400ರಿಂದ 475 ಗ್ರಾಂ ತೂಗುತ್ತದೆ. ನಿತ್ಯ ತೊಡುವ ಹಗುರ ಪ್ಯಾಂಟಿನ ಬಟ್ಟೆ 200ರಿಂದ 270 ಗ್ರಾಂ ಆಸುಪಾಸಿನಲ್ಲಿರುತ್ತದೆ. ತೂಕ ಅರ್ಧದ ಹತ್ತಿರ ಇಳಿದರೆ ಬಾಗುವುದು, ಒಗೆಯುವುದು, ಒಣಗಿಸುವುದು ಎಲ್ಲವೂ ಹಗುರವಾಗುತ್ತದೆ. ನೆನೆದ ಜೀನ್ಸನ್ನು ಹಿಂಡಿ ಹರವುವುದು ಮಣಿಕಟ್ಟು ನೋಯುವವರಿಗೆ ಸಣ್ಣ ಕೆಲಸವಲ್ಲ.

ಹತ್ತಿಯ ಚೀನೋಸ್ ಎಲ್ಲರಿಗೂ ಸುಲಭವಾದ ಮೊದಲ ಹೆಜ್ಜೆ. ಸೆಕೆಯಲ್ಲಿ ಲಿನನ್‌ಗೆ ಸಾಟಿಯಿಲ್ಲ. ಸುಕ್ಕುಗಳನ್ನು ಒಪ್ಪಿಕೊಳ್ಳಬೇಕಷ್ಟೇ, ಇಲ್ಲವೇ ಹತ್ತಿ ಬೆರೆತದ್ದನ್ನು ಕೊಳ್ಳಬೇಕು. ಚಳಿಗೆ ಕಾರ್ಡುರಾಯ್ ಮೃದು, ಅದರ ಏಣುಗಳು ಸಣ್ಣದಿದ್ದಷ್ಟೂ ಬಟ್ಟೆ ಹಗುರ. ಎರಡು ಪದರವಾಗಿ ಹೆಣೆದ ಪಾಂಟೆ ಬಟ್ಟೆ ಮೇಲುನೋಟಕ್ಕೆ ನೇಯ್ದ ಪ್ಯಾಂಟಿನಂತೆ ಗಂಭೀರವಾಗಿದ್ದು, ತೊಟ್ಟರೆ ಬನಿಯನ್ನಿನಷ್ಟು ಸಲೀಸು. ನೈಲಾನ್ ಬೆರೆತ ಬಟ್ಟೆಗಳು ಬೇಗ ಒಣಗುತ್ತವೆ, ಪ್ರಯಾಣಕ್ಕೆ ಒಳ್ಳೆಯವು. ತೆಳು ಉಣ್ಣೆಯ ಬಗ್ಗೆ ಮಾತ್ರ ಸ್ವಲ್ಪ ವಕಾಲತ್ತು ವಹಿಸಬೇಕೆನಿಸುತ್ತದೆ, ಏಕೆಂದರೆ ಉಣ್ಣೆ ಎಂದೊಡನೆ ಚಳಿಗಾಲ ಎಂದುಕೊಳ್ಳುತ್ತಾರೆ. ಸಡಿಲವಾಗಿ ನೇಯ್ದ ತೆಳು ಉಣ್ಣೆ ಗಾಳಿಯಾಡುತ್ತದೆ, ತನ್ನ ತೂಕದ ಮೂರನೇ ಒಂದು ಭಾಗದಷ್ಟು ತೇವವನ್ನು ಒದ್ದೆಯೆನಿಸದೆ ಹೀರಿಕೊಳ್ಳಬಲ್ಲದು. ಅದರ ಎಳೆಗೆ ಸಹಜವಾದ ಸುರುಳಿಯಿರುವುದರಿಂದ ರಾತ್ರಿ ನೇತುಹಾಕಿದರೆ ಬೆಳಗಿಗೆ ಸುಕ್ಕು ಬಹುಪಾಲು ಮಾಯವಾಗಿರುತ್ತದೆ. ಕಚೇರಿಗೂ ಸಮಾರಂಭಕ್ಕೂ ನಡಿಗೆಗೂ ಆಗುವ ಒಂದೇ ಪ್ಯಾಂಟು ಬೇಕೆನ್ನುವವರಿಗೆ ನನ್ನ ಉತ್ತರ ಅದು.

ಎಲಾಸ್ಟೇನ್ ಬಗ್ಗೆ ತಪ್ಪು ತಿಳಿವಳಿಕೆ ಹೆಚ್ಚು. 1958ರಲ್ಲಿ ಡುಪಾಂಟ್ ಕಂಪನಿಯ ರಸಾಯನಶಾಸ್ತ್ರಜ್ಞ ಜೋಸೆಫ್ ಶಿವರ್ಸ್ ರೂಪಿಸಿದ ಈ ಎಳೆ ಬಟ್ಟೆಯಲ್ಲಿ 1ರಿಂದ 3 ಶೇಕಡಾ ಇದ್ದರೂ ಸಾಕು, ಕುಳಿತೇಳುವ ಅನುಭವವೇ ಬದಲಾಗುತ್ತದೆ. ಆದರೆ ಹೆಚ್ಚು ಹಿಗ್ಗುವ ಬಟ್ಟೆ ಹೆಚ್ಚು ಆರಾಮ ಎಂಬುದು ನಿಜವಲ್ಲ. ಹಿಗ್ಗಿದ ಎಳೆ ಮರಳಲು ಹವಣಿಸುತ್ತಲೇ ಇರುತ್ತದೆ. ಬಿಗಿಯಾದ ಸೈಜನ್ನು ಎಲಾಸ್ಟೇನ್ ನಂಬಿ ತೊಟ್ಟರೆ ದಿನವಿಡೀ ದೇಹವನ್ನು ಅಮುಕಿ ಹಿಡಿದಂತೆ. ಸರಿಯಾದ ಕತ್ತರಿಕೆಯ ಮೇಲೆ ಸ್ವಲ್ಪ ಹಿಗ್ಗು ಇರಬೇಕು, ಕತ್ತರಿಕೆಯ ದೋಷ ಮುಚ್ಚಲು ಅದನ್ನು ಬಳಸಬಾರದು. ಶಾಖ ಮತ್ತು ಕ್ಲೋರಿನ್ ಬ್ಲೀಚ್ ಎಲಾಸ್ಟೇನನ್ನು ಹಾಳುಮಾಡುತ್ತವೆ. ತಣ್ಣೀರಿನಲ್ಲಿ ಒಗೆದು ನೆರಳಿನಲ್ಲಿ ಒಣಗಿಸಿದ ಪ್ಯಾಂಟು ಮಂಡಿಯಲ್ಲಿ ಜೋಳಿಗೆಯಾಗದೆ ಬಹುಕಾಲ ಬಾಳುತ್ತದೆ.

ಕೈ, ಜೇಬು, ಅಂಚು

ಸಂಧಿವಾತದ ಬೆರಳುಗಳಿಗೆ ಜೀನ್ಸ್‌ನ ಲೋಹದ ಗುಂಡಿಯನ್ನು ಗಟ್ಟಿ ತೂತಿನೊಳಗೆ ತಳ್ಳುವುದು ದಿನದ ಮೊದಲ ನೋವಾಗಬಹುದು. ಚಪ್ಪಟೆ ಕೊಕ್ಕೆ ಮತ್ತು ಉದ್ದನೆಯ ಜಿಪ್ ಇದ್ದರೆ ಆ ಶ್ರಮವಿಲ್ಲ. ಇದರ ಇನ್ನೊಂದು ಮುಖವನ್ನು ಜನ ಸಂಕೋಚದಿಂದ ಹೇಳುವುದಿಲ್ಲ. ಪ್ರಾಸ್ಟೇಟ್ ಹಿಗ್ಗಿದ ಗಂಡಸರಿಗೆ, ಹೆರಿಗೆ ಮತ್ತು ಋತುಬಂಧದ ನಂತರ ಮೂತ್ರದ ಹಿಡಿತ ಸಡಿಲವಾದ ಹೆಂಗಸರಿಗೆ ಶೌಚಾಲಯದ ಬಾಗಿಲಲ್ಲಿ ಪ್ರತಿ ಕ್ಷಣವೂ ಲೆಕ್ಕಕ್ಕೆ ಬರುತ್ತದೆ. ಬೆಲ್ಟ್, ಗುಂಡಿ, ಬಿಗಿ ತೊಡೆ ಎಲ್ಲವನ್ನೂ ದಾಟಬೇಕಾದ ಪ್ಯಾಂಟು ಅವರ ಮರ್ಯಾದೆಯೊಂದಿಗೆ ಆಟವಾಡುತ್ತದೆ. ಸಲೀಸಾಗಿ ಇಳಿಯುವ ಪ್ಯಾಂಟಿನಿಂದಾಗಿ ಹೊರಗೆ ಹೋಗುವ ಧೈರ್ಯ ಮರಳಿ ಬರುತ್ತದೆ ಎಂದರೆ ಅದು ಉತ್ಪ್ರೇಕ್ಷೆಯಲ್ಲ.

ಜೀನ್ಸ್‌ನ ಮುಂಜೇಬುಗಳ ಬಾಯಿ ಮೇಲ್ಮುಖವಾಗಿ ಬಾಗಿರುತ್ತದೆ, ಕುಳಿತಾಗ ಮಡಚಿಕೊಂಡು ಕೈಯನ್ನೇ ಒಳಗೆ ಬಿಡುವುದಿಲ್ಲ. ಬದಿಯಲ್ಲಿ ಓರೆಯಾಗಿ ತೆರೆಯುವ ಆಳವಾದ ಜೇಬಿನಿಂದ ಕುಳಿತಲ್ಲೇ ಮೊಬೈಲ್ ತೆಗೆಯಬಹುದು. ಹಿಂಜೇಬಿನಲ್ಲಿ ದಪ್ಪ ಪರ್ಸ್ ಇಟ್ಟು ಕುಳಿತರೆ ಸೊಂಟ ಒಂದು ಕಡೆಗೆ ವಾಲಿ, ಪೃಷ್ಠದಲ್ಲಿ ಹಾಯುವ ನರದ ಮೇಲೆ ಭಾರ ಬೀಳುತ್ತದೆ. ಪರ್ಸನ್ನು ಮುಂದಕ್ಕೆ ತನ್ನಿ.

ಆರಾಮವೆಂದರೆ ಸಡಿಲ, ಉದ್ದ ಎಂದು ಅತಿ ಮಾಡುವುದೂ ಅಪಾಯ. ನೆಲ ಗುಡಿಸುವ ಅಗಲ ಅಂಚಿನಲ್ಲಿ ಕಾಲು ಸಿಕ್ಕಿ ಮೆಟ್ಟಿಲಿನಲ್ಲಿ ಎಡವಬಹುದು, ಇಳಿವಯಸ್ಸಿನಲ್ಲಿ ಒಂದು ಬೀಳುವಿಕೆಯ ಬೆಲೆ ದೊಡ್ಡದು. ಅಂಚು ಚಪ್ಪಲಿ ಅಥವಾ ಶೂಗಳ ಮೇಲ್ಭಾಗವನ್ನು ತಾಕಿದರೆ ಸಾಕು, ನೆಲ ಮುಟ್ಟಬಾರದು. ನಿಂತು, ಒಂಟಿ ಕಾಲಲ್ಲಿ ಸಮತೋಲ ಹಿಡಿದು ಪ್ಯಾಂಟು ಏರಿಸುವ ಬದಲು ಮಂಚದ ಅಂಚಿನಲ್ಲಿ ಕುಳಿತು ಎರಡೂ ಕಾಲು ತೂರಿಸಿಕೊಳ್ಳುವುದು ಕ್ಷೇಮ. ಪಾದ ಸಲೀಸಾಗಿ ಹಾಯದ ಕಿರಿದಾದ ಅಂಚಿನ ಪ್ಯಾಂಟು ಇದಕ್ಕೇ ಅಡ್ಡಿ.

ಕೊಳ್ಳುವಾಗ

ಸಾಧ್ಯವಾದರೆ ಊಟವಾದ ನಂತರ, ಸಂಜೆ ಹೊತ್ತು ಹೋಗಿ. ದೇಹದ ದೊಡ್ಡ ಅಳತೆ ಆಗ ಸಿಗುತ್ತದೆ. ತೊಟ್ಟು ನೋಡುವ ಕೋಣೆಯಲ್ಲಿ ಆಸನ ಇಲ್ಲದಿದ್ದರೆ ಕೇಳಿ ಪಡೆಯಿರಿ. ಕುಳಿತು ಎರಡು ನಿಮಿಷ ಹಾಗೇ ಇರಿ. ಸೊಂಟಪಟ್ಟಿಯೊಳಗೆ ಎರಡು ಬೆರಳು ಸಲೀಸಾಗಿ ಹೋಗಬೇಕು, ಬೆನ್ನು ಬಯಲಾಗಬಾರದು, ಮಂಡಿಯ ಮೇಲೆ ಬಟ್ಟೆ ಸೆಟೆದು ನಿಲ್ಲಬಾರದು. ಬಗ್ಗಿ ಚಪ್ಪಲಿ ಮುಟ್ಟಿ, ಒಂದು ಮೆಟ್ಟಿಲಿನಷ್ಟು ಎತ್ತರಕ್ಕೆ ಕಾಲೆತ್ತಿ. ಎದ್ದ ಕೂಡಲೇ ಪ್ಯಾಂಟನ್ನು ಎರಡೂ ಕೈಯಿಂದ ಮೇಲೆಳೆದುಕೊಳ್ಳಬೇಕೆನಿಸಿದರೆ ಅದನ್ನು ಅಲ್ಲೇ ಬಿಟ್ಟುಬನ್ನಿ. ಮನೆಗೆ ತಂದ ಮೇಲೆ ಅದು ಸರಿಹೋಗುವುದಿಲ್ಲ. ಚೀಟಿಯ ಮೇಲಿನ ಸಂಖ್ಯೆ ಒಂದು ಕಂಪನಿಯಿಂದ ಇನ್ನೊಂದಕ್ಕೆ ಬೇರೆಯಾಗುತ್ತದೆ, ಅದರ ಬಗ್ಗೆ ಮನಸ್ಸು ಕೆಡಿಸಿಕೊಳ್ಳಬೇಡಿ.

ಒಮ್ಮೆ ಪ್ಯಾಂಟನ್ನು ತಿರುವಿ ಒಳಗಿನ ಹೊಲಿಗೆ ನೋಡಿ. ಚೆನ್ನಾಗಿ ಹೊಲಿದ ಪ್ಯಾಂಟಿನ ಹಿಂಭಾಗದ ನಡುವಿನ ಹೊಲಿಗೆಯಲ್ಲಿ ಹೆಚ್ಚುವರಿ ಬಟ್ಟೆಯನ್ನು ಮಡಚಿ ಬಿಟ್ಟಿರುತ್ತಾರೆ. ಹೊಟ್ಟೆ ಬೆಳೆದರೆ ದರ್ಜಿ ಅದನ್ನು ಬಿಚ್ಚಿ ಸೊಂಟವನ್ನು ಕೆಲವು ಸೆಂಟಿಮೀಟರ್ ಹಿಗ್ಗಿಸಬಲ್ಲ, ಇಳಿದರೆ ಒಳಗೆ ತೆಗೆದುಕೊಳ್ಳಬಲ್ಲ. ಎರಡು ಸಾಲು ಹೊಲಿದು ಮುಚ್ಚಿದ ಜೀನ್ಸ್‌ನಲ್ಲಿ ಹಿಗ್ಗಿಸಲು ಬಟ್ಟೆಯೇ ಇರುವುದಿಲ್ಲ. ಬದಲಾಗುತ್ತಲೇ ಇರುವ ದೇಹಕ್ಕೆ ಬದಲಾಗಬಲ್ಲ ಉಡುಪು ಬೇಕು. ಜೀನ್ಸ್‌ಗಿಂತ ಹೊಲಿಸಿದ ಪ್ಯಾಂಟು ಮೇಲು ಎನ್ನಲು ನನಗಿರುವ ಅತ್ಯಂತ ಬಲವಾದ ಕಾರಣ ಇದೇ. ಹಿಂಭಾಗ ಚಪ್ಪಟೆಯಾದವರು ಹೊಲಿಸುವಾಗ ಆ ಮಾತನ್ನು ದರ್ಜಿಗೆ ನೇರವಾಗಿ ಹೇಳಬೇಕು. ಅದಕ್ಕೆ ಹಿಂಭಾಗವನ್ನು ಬೇರೆ ರೀತಿ ಕತ್ತರಿಸುವ ವಿಧಾನವಿದೆ.

ಜೀನ್ಸ್ ಮೇಲಿನ ಪ್ರೀತಿ ಬಿಡಲಾಗದವರು ಬಿಡಬೇಕಿಲ್ಲ. ಹೊಕ್ಕುಳಿನ ಹತ್ತಿರದವರೆಗೆ ಬರುವ ಸೊಂಟ, ತೊಡೆಯಲ್ಲಿ ಜಾಗ, ಹಗುರ ಡೆನಿಮ್, ಒಂದೆರಡು ಶೇಕಡಾ ಎಲಾಸ್ಟೇನ್, ಗುಂಡಿಯ ಬದಲು ಜಿಪ್: ಈ ಗುಣಗಳಿರುವ ಜೀನ್ಸ್ ಎಪ್ಪತ್ತರಲ್ಲೂ ಹಿತವಾಗಿರುತ್ತದೆ. ಗಾಢ ಬಣ್ಣದ್ದಾದರೆ ಎಲ್ಲಿಗೂ ಸಲ್ಲುತ್ತದೆ.

ಆರಾಮದ ಪ್ಯಾಂಟಿಗೆ ಒಂದು ಕೊರತೆಯಿದೆ. ಬಿಗಿ ಜೀನ್ಸ್ ಸೊಂಟ ಬೆಳೆದದ್ದನ್ನು ಅದೇ ವಾರ ಹೇಳಿಬಿಡುತ್ತಿತ್ತು. ಎಲಾಸ್ಟಿಕ್ ಸೊಂಟ ಏನನ್ನೂ ಹೇಳುವುದಿಲ್ಲ. ಆದ್ದರಿಂದ ಆ ಕೆಲಸವನ್ನು ಅಳತೆಪಟ್ಟಿಗೆ ಒಪ್ಪಿಸಬೇಕು. ಕೆಳಗಿನ ಪಕ್ಕೆಲುಬಿಗೂ ಸೊಂಟದ ಎಲುಬಿನ ತುದಿಗೂ ನಡುಮಧ್ಯದಲ್ಲಿ, ಸಹಜವಾಗಿ ಉಸಿರು ಬಿಟ್ಟಾಗ ಅಳೆಯುವುದು ಕ್ರಮ. ಮಧುಮೇಹ ಮತ್ತು ಹೃದಯದ ಅಪಾಯ ಹೆಚ್ಚುವ ಗಡಿಯೆಂದು ಹೆಂಗಸರಿಗೆ 80 ಸೆಂಟಿಮೀಟರ್, ಗಂಡಸರಿಗೆ 94 ಸೆಂಟಿಮೀಟರ್, ದಕ್ಷಿಣ ಏಷ್ಯಾ ಮೂಲದ ಗಂಡಸರಿಗೆ 90 ಸೆಂಟಿಮೀಟರ್ ಎಂದು ಗುರುತಿಸಲಾಗಿದೆ. ಇದಕ್ಕೆ ವಿರುದ್ಧವಾದ ಸೂಚನೆಯನ್ನೂ ಕಡೆಗಣಿಸಬಾರದು: ಊಟ, ವ್ಯಾಯಾಮ ಏನೂ ಬದಲಾಗದೆ ಆರೇಳು ತಿಂಗಳಲ್ಲಿ ಪ್ಯಾಂಟುಗಳೆಲ್ಲ ಸಡಿಲವಾಗಿ, ತೂಕ 5 ಶೇಕಡಾಕ್ಕಿಂತ ಹೆಚ್ಚು ಇಳಿದಿದ್ದರೆ ದರ್ಜಿಯ ಬಳಿಗೆ ಹೋಗುವ ಮೊದಲು ವೈದ್ಯರ ಬಳಿಗೆ ಹೋಗಬೇಕು.